ಪಡಸಾಲೆಗೊಂದು ವಾದ್ಯ

ರಾಯಚೂರಿನ ಬಿಸಿಲಿನ ವಿಷಯವಾಗಿ ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ ಹರಿಯುತ್ತಿದ್ದರೂ ನಡುವಣ ನೆಲವು ಕಾದ ಹೆಂಚಿನಂತೇಕೆ ಸುಡುವುದೆಂದು ಹೊರಗಿನಿಂದ ಬಂದವರು ಕೇಳುವುದುಂಟು. ಕಳೆದ ವೈಶಾಖದ ಒಂದು ಮಧ್ಯಾಹ್ನ ನಾವಿಬ್ಬರೂ ಉಂಡು ಮಲಗಿದ್ದೆವು. ಪಡಸಾಲೆಯಿಂದ ತೆಂಗಿನಕಾಯಿ ಒಡೆದಂತೆ ಒಂದು ಸದ್ದು ಕೇಳಿಸಿತು. ಎದ್ದುಹೋಗಿ ನೋಡಲಾಗಿ, ಗೋಡೆಗೆ ಒರಗಿಸಿಟ್ಟಿದ್ದ ತಾಯಿಯವರ ತಂಬೂರಿಯ ಬುರುಡೆಯು ಮೇಲಿನಿಂದ ಕೆಳಗಿನವರೆಗೆ ಬಿರಿದಿತ್ತು.

ತಾಯಿಯವರಿಗೆ ಈಗ 80 ವರ್ಷ. ಮದುವೆಯಾಗಿ ಈ ಮನೆಗೆ ಬಂದಾಗ ತವರಿನವರು ಕೊಟ್ಟ ತಂಬೂರಿಯದು. ಬೆಳಗಿನ ಜಾವ ಸ್ನಾನವಾದ ಮೇಲೆ ಅದನ್ನು ಮೀಟಿಕೊಂಡು ನಾಲ್ಕು ದಾಸರ ಪದಗಳನ್ನು ಹೇಳದೆ ಅವರು ಕಾಫಿಯನ್ನೂ ಮುಟ್ಟಿದವರಲ್ಲ. ಅಂದು ಅವರು ಬಿರುಕಿನ ಮೇಲೆ ಬೆರಳಾಡಿಸಿ, "ಆತು, ಅದರ ಸೇವಾ ಮುಗೀತು" ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ಹಾಡಿರಲಿಲ್ಲ. ಆ ವಾರವೂ ಇರಲಿಲ್ಲ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳು ತನ್ನ ಫೋನಿನಲ್ಲಿ ತಂಬೂರಿಯ ಶ್ರುತಿಯನ್ನು ಹಚ್ಚಿಕೊಟ್ಟಳು. ತಾಯಿಯವರು ಎರಡು ದಿನ ಅದರ ಸಂಗಡ ಹಾಡಿದರು. ಮೂರನೆಯ ದಿನ, "ಇದು ಎಂದೂ ತಪ್ಪೂದಿಲ್ಲವ್ವ, ನಾ ತಪ್ಪಿದ್ರೂ ಇದಕ್ಕ ಗೊತ್ತಾಗೂದಿಲ್ಲ. ಇದರ ಜೋಡಿ ಹೆಂಗ ಹಾಡ್ಲಿ?" ಎಂದು ಬಿಟ್ಟುಬಿಟ್ಟರು.

ನಮ್ಮ ಮಗನ ಮನಸ್ಸು ದೊಡ್ಡದು. ಲೆಕ್ಕಾಚಾರ ಮಾತ್ರ ಸ್ವಲ್ಪ ಅವಸರದ್ದು. ಮಗಳು ಪಿಯಾನೊ ಕಲಿಯುತ್ತಿದ್ದಾಳೆ. ತಾನಿರುವ ಮನೆ ಮೂರನೆಯ ಅಂತಸ್ತಿನಲ್ಲಿ, ಜಾಗ ಸಾಲದು. ಊರಿನ ಪಡಸಾಲೆಯೋ ಇಪ್ಪತ್ತು ಅಡಿ ಉದ್ದದ್ದು. ಅಲ್ಲಿ ಒಂದು ಗ್ರ್ಯಾಂಡ್ ಪಿಯಾನೊ ಇರಿಸಿದರೆ ಮನೆಗೆ ವಾದ್ಯವೂ ಆಯಿತು, ರಜೆಯಲ್ಲಿ ಮಗುವಿಗೆ ಅಭ್ಯಾಸವೂ ಆಯಿತು, ಮುತ್ತಜ್ಜಿಗೆ ಶ್ರುತಿಯೂ ಆಯಿತೆಂದು ಅವನ ವಿಚಾರ. "ಬಂದು ನೋಡಿಯಾದರೂ ಹೋಗಿ" ಎಂದು ಕರೆದುದರಿಂದ ಆಷಾಢದಲ್ಲಿ ಬೆಂಗಳೂರಿಗೆ ಹೋದೆವು.

ಪಿಯಾನೊ ಅಂಗಡಿಯಲ್ಲಿ ಕಳೆದ ಮೂರು ಗಂಟೆಗಳನ್ನು ನಾವು ಬೇಗನೆ ಮರೆಯಲಾರೆವು. ಇಟಲಿಯ ಬಾರ್ತೊಲೊಮೆಯೊ ಕ್ರಿಸ್ತೋಫೊರಿ ಎಂಬ ಕುಶಲಿಯು ಸುಮಾರು 1700ರಲ್ಲಿ, ತಂತಿಯನ್ನು ಮೀಟದೆ ಸುತ್ತಿಗೆಯಿಂದ ಹೊಡೆಯುವ ಯುಕ್ತಿಯನ್ನು ಕಂಡುಹಿಡಿದನಂತೆ. ಬೆರಳಿನ ಬಲದಂತೆ ನಾದವು ಮೆಲ್ಲಗೂ ಗಟ್ಟಿಯಾಗಿಯೂ ಆಗುವುದು ಇದರಿಂದಲೇ. ಪ್ಯಾರಿಸ್ಸಿನ ಎರಾರ್ ಎಂಬವನು 1821ರಲ್ಲಿ ಇನ್ನೊಂದು ಯುಕ್ತಿಯನ್ನು ಸೇರಿಸಿ, ಪಟ್ಟಿಯು ಪೂರ್ತಿ ಮೇಲಕ್ಕೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯುವಂತೆ ಮಾಡಿದನು. ಒಳಗೆ ಸುಮಾರು 230 ತಂತಿಗಳು. ಅವೆಲ್ಲವುಗಳ ಎಳೆತ ಸೇರಿ ಹತ್ತಿರ ಹತ್ತಿರ 20 ಟನ್ನು. ಅದನ್ನು ತಡೆಯಲು ಎರಕದ ಕಬ್ಬಿಣದ ಚೌಕಟ್ಟು ಬೇಕು. ಮುಚ್ಚಳ ತೆರೆದು ತೋರಿಸಿದಾಗ ನಮಗೆ ವಾದ್ಯಕ್ಕಿಂತ ಸೇತುವೆಯ ನೆನಪೇ ಹೆಚ್ಚು ಆಯಿತು.

ಅಲ್ಲಿ ಕುಳಿತು ಬಾರಿಸಿ ನೋಡಲು ಸಿಕ್ಕಿದುವು ಎರಡು: ಜಪಾನಿನ ಹೊಸದೊಂದು, ಜರ್ಮನಿಯ ಹಳೆಯದೊಂದು. ಉಳಿದವುಗಳ ಕಥೆಯನ್ನು ಮಾರುವಾತನು ಭಕ್ತಿಯಿಂದ ಹೇಳಿದನು: 1828ರಲ್ಲಿ ಆರಂಭವಾದ ವಿಯೆನ್ನಾದ ಬ್ಯೋಸೆಂಡೋರ್ಫರ್, 1853ರಲ್ಲಿಯೇ ಆರಂಭವಾದ ನ್ಯೂಯಾರ್ಕಿನ ಸ್ಟೈನ್‌ವೇ ಮತ್ತು ಬರ್ಲಿನ್ನಿನ ಬೆಖ್‌ಸ್ಟೈನ್, 1981ರಲ್ಲಿ ಹುಟ್ಟಿದರೂ ಹಿರಿಯರ ಸಾಲಿನಲ್ಲಿ ಕುಳಿತ ಇಟಲಿಯ ಫಾಜಿಯೋಲಿ. ಬ್ಯೋಸೆಂಡೋರ್ಫರಿನ ದೊಡ್ಡ ಪಿಯಾನೊದಲ್ಲಿ ಎಲ್ಲೆಡೆಯಂತೆ 88 ಪಟ್ಟಿಗಳಿಲ್ಲ, 97 ಇವೆ. ಹೆಚ್ಚಿನ ಒಂಬತ್ತನ್ನು ಮುಟ್ಟುವ ಸಂದರ್ಭ ಬಹು ಅಪರೂಪ. ಆದರೆ ಉಳಿದವನ್ನು ನುಡಿಸುವಾಗ ಆ ತಂತಿಗಳೂ ಒಳಗೊಳಗೇ ಮಿಡಿದು ನಾದವನ್ನು ತುಂಬುತ್ತವೆಯಂತೆ. ಇದನ್ನು ಕೇಳಿ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮುಟ್ಟದ ತಂತಿಯೂ ದನಿಗೂಡುವ ಬೆಡಗು ನಮ್ಮವರಿಗೆ ಹೊಸದಲ್ಲವಷ್ಟೆ!

ಆ ಮಾರುವಾತನು ಕಲಿಸಿದ ಪರೀಕ್ಷೆ ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂದಿತು. ಕಣ್ಣು ಮುಚ್ಚಬೇಕು. ಮೇಲಿನ ಸ್ಥಾಯಿಯ ಒಂದು ಪಟ್ಟಿಯನ್ನು ಒತ್ತಿ ಹಿಡಿದು, ನಾದವು ಅಡಗುವವರೆಗೆ ಮನಸ್ಸಿನಲ್ಲಿ ಎಣಿಸಬೇಕು. ಅನಂತರ ಕೆಳಗಿನದೊಂದನ್ನು ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಒತ್ತಬೇಕು. ಗಟ್ಟಿಯಾಗಿ ಬಾರಿಸಿದರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಮೆಲ್ಲಗೆ ಮುಟ್ಟಿದಾಗ ಯಾವುದು ಮಾತಾಡುತ್ತದೆಯೋ ಅದೇ ಒಳ್ಳೆಯದು. ಜಪಾನಿನದು ಗಾಜಿನಂತೆ ಸ್ವಚ್ಛವಾಗಿ ನುಡಿಯಿತು. ಹಳೆಯ ಜರ್ಮನ್ ಪಿಯಾನೊದ ಮೇಲಿನ ಸ್ವರಗಳು ಬೇಗನೆ ಸೊರಗಿದರೂ, ಮಂದ್ರದಲ್ಲಿ ಹಿರಿಯರ ದನಿಯಂತಹ ಒಂದು ತುಂಬುತನವಿತ್ತು. ನಮ್ಮ ಮನಸ್ಸು ಅದರ ಕಡೆಗೇ ಒಲಿಯಿತು.

ಬೆಲೆ ಕೇಳಿದೆವು. ಕಚೇರಿಯಲ್ಲಿ ನುಡಿಸುವ ಅತಿ ದೊಡ್ಡ ಪಿಯಾನೊಗಳ ಬೆಲೆ ಕೋಟಿಯನ್ನು ಮೀರುತ್ತದೆ. ಮನೆಗೆ ಹಿಡಿಸುವುವು ಸಹ ಲಕ್ಷಗಳ ಮಾತೇ. ಮಗನು ಅದಕ್ಕೆ ಹಿಂಜರಿಯಲಿಲ್ಲ. ಹಿಂಜರಿದವನು ಮಾರುವಾತನೇ. ಊರು ಯಾವುದೆಂದು ವಿಚಾರಿಸಿ, ರಾಯಚೂರೆಂದು ತಿಳಿದೊಡನೆ, "ಬೇಸಿಗೆಯಲ್ಲಿ ಎಷ್ಟು ಬಿಸಿಲು?" ಎಂದನು. 42, 43 ಡಿಗ್ರಿ ಎಂದೆವು. ನಾದವನ್ನು ಹಿಗ್ಗಿಸುವ ಸ್ಪ್ರೂಸ್ ಮರದ ಹಲಗೆಯು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ತೀರ ಒಣಗಿದರೆ ಸೀಳುತ್ತದೆ. ವರ್ಷವೆಲ್ಲ ಕೋಣೆಯ ತೇವವನ್ನು ಒಂದೇ ಹದದಲ್ಲಿ ಕಾಯಬೇಕು. ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡುವವನನ್ನು ಕರೆಸಬೇಕು. "ಅಲ್ಲಿಗೆ ಬರುವವರು ಯಾರು, ನೀವೇ ಹೇಳಿ" ಎಂದು ಅವನು ಕೈಚೆಲ್ಲಿದನು. ವ್ಯಾಪಾರ ಕೆಡಿಸಿಕೊಂಡು ಸತ್ಯ ಹೇಳಿದ ಆ ಮನುಷ್ಯನಲ್ಲಿ ನಮಗೆ ಗೌರವವುಂಟಾಯಿತು.

ಊರಿಗೆ ಮರಳಿದ ವಾರವೇ, ಬಂದ ನೆಂಟರಿಗೆ ತೋರಿಸಲೆಂದು ರಾಯಚೂರಿನ ಕೋಟೆಗೆ ಹೋಗಿದ್ದೆವು. ಗೋಡೆಯಲ್ಲಿ ಸುಮಾರು 40 ಅಡಿ ಉದ್ದದ ಒಂದೇ ಕಲ್ಲಿದೆ. ಕೋಟೆ ಕಟ್ಟಿದ 1294ರ ಶಾಸನವನ್ನು ಅದರ ಮೇಲೆ ಕೊರೆದಿದ್ದಾರೆ. ಅಂತಹ ಬಂಡೆಯನ್ನು ಗಾಡಿಯ ಮೇಲೆ ಹೇರಿ ಜಾನುವಾರುಗಳ ಸಾಲು ಹೂಡಿ ಎಳೆತಂದ ಚಿತ್ರವೂ ಅಲ್ಲಿಯೇ ಇದೆ. ಸ್ಟೈನ್‌ವೇಯ ದೊಡ್ಡ ಪಿಯಾನೊ 274 ಸೆಂಟಿಮೀಟರು ಉದ್ದ, ಸುಮಾರು 480 ಕಿಲೋ ತೂಕ. ಆ ಕಲ್ಲನ್ನು ತಂದವರಿಗೆ ಇದೇನು ಹೆಚ್ಚು ಎಂದು ನಗೆಯಾಡಿದೆವು. 1871ರಲ್ಲಿ ಮುಂಬಯಿಯ ಕಡೆಯ ರೈಲು ಹಳಿಯೂ ಮದರಾಸಿನ ಕಡೆಯ ಹಳಿಯೂ ಕೂಡಿದ್ದು ರಾಯಚೂರಿನಲ್ಲಿಯೇ. ಆ ಬಳಿಕ ಒಂದು ಬಂದರಿನಿಂದ ಇನ್ನೊಂದಕ್ಕೆ ರೈಲೇರಿ ಹೋದ ಪಿಯಾನೊಗಳೆಲ್ಲ ನಮ್ಮ ಊರಿನ ಮೇಲೆಯೇ ಹಾದಿರಬೇಕು. ಇಳಿದುವೆಂಬ ಸುದ್ದಿ ಮಾತ್ರ ನಮ್ಮ ಹಿರಿಯರಾರೂ ಹೇಳಲಿಲ್ಲ.

ಪಿಯಾನೊ ಹೀಗೆ ದೂರವಾದ ಮೇಲೆ ತೀನ್ ಕಂದೀಲಿನ ಕಡೆಯ ಅಂಗಡಿಗಳಲ್ಲಿ ಪೇಟಿಗಳನ್ನು ನೋಡಿದೆವು. ಪೇಟಿಯೂ ಫ್ರಾನ್ಸಿನ ಕೂಸೇ. ಗ್ಲಿಸುವ ಗಮಕ ಅದರಲ್ಲಿ ಬಾರದೆಂದು ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ಅಷ್ಟು ಕಠಿಣರಾಗಲು ನಮಗೆ ಇಷ್ಟವಿಲ್ಲ. ನಮ್ಮ ಭಜನಾಮಂಡಳಿಗಳು ಬದುಕಿರುವುದು ಪೇಟಿಯ ಉಪಕಾರದಿಂದಲೇ. ಆದರೆ ತಾಯಿಯವರ ಕೈ ಗಾಳಿ ಹಾಕುವಷ್ಟು ಗಟ್ಟಿಯಾಗಿ ಉಳಿದಿಲ್ಲ. ತಂಬೂರಿಯೇ ಆಗಬೇಕೆಂದು ನಿಶ್ಚಯವಾಯಿತು.

ಭಾದ್ರಪದ ಶುದ್ಧ ನವಮಿಗೆ ಮಾನವಿಗೆ ಹೊರಟೆವು. ಅಂದು ಜಗನ್ನಾಥದಾಸರ ಆರಾಧನೆ. 1809ರಲ್ಲಿ ಅದೇ ತಿಥಿಯಂದು ದಾಸರು ಮಾನವಿಯಲ್ಲಿ ಕಾಲವಾದರು. ಅವರು ಒರಗಿ ಕೂಡುತ್ತಿದ್ದ ಕಂಬಕ್ಕೆ ಇಂದಿಗೂ ಪೂಜೆ ನಡೆಯುತ್ತದೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇದೇ ಮಾನವಿ ತಾಲೂಕಿನದು. ಅವರ ಶಿಷ್ಯ ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲೂಕಿನದು. ಗೋಪಾಲದಾಸರ ಶಿಷ್ಯರೇ 'ಹರಿಕಥಾಮೃತಸಾರ'ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು. ಗುರುವು ತನ್ನ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಶಿಷ್ಯನಿಗೆ ಧಾರೆಯೆರೆದನೆಂಬ ಐತಿಹ್ಯವನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಇಷ್ಟೆಲ್ಲ ಸಾಹಿತ್ಯವು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಒಂದು ವಾದ್ಯದ ನೆರಳಿನಲ್ಲಿ ಬೆಳೆಯಿತು.

ದಾರಿಯ ಇಕ್ಕೆಲದಲ್ಲಿ ತುಂಗಭದ್ರಾ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಆರಾಧನೆಗೆ ಊರೂರಿನ ಮಂಡಳಿಗಳು ಬಂದಿದ್ದುವು. ಬಿಡುವಿನಲ್ಲಿ ಅವರಿವರನ್ನು ಬೇಡಿಕೊಂಡು ಆರು ತಂಬೂರಿಗಳನ್ನು ಮುಟ್ಟಿ ನೋಡಿದೆವು. ಬೆಂಗಳೂರಿನ ಪರೀಕ್ಷೆಯನ್ನೇ ಇಲ್ಲಿಯೂ ಮಾಡಿದೆವು: ಕಣ್ಣು ಮುಚ್ಚಿ, ಮೆಲ್ಲಗೆ ಮೀಟಿ, ಎಣಿಸಿ. ದಂತದ ಬಣ್ಣದ ಬಳ್ಳಿಗಳಿಂದ ಬಹಳವಾಗಿ ಸಿಂಗರಿಸಿದ್ದ ಒಂದು ತಂಬೂರಿ ಆರನ್ನು ಎಣಿಸುವುದರಲ್ಲಿ ಸುಮ್ಮನಾಯಿತು. ಬಣ್ಣ ಹಾರಿದ, ದಂಡಿಗೆ ಎರಡು ಕಡೆ ದಾರ ಸುತ್ತಿದ್ದ ಇನ್ನೊಂದು, ಹದಿನಾಲ್ಕು ಎಣಿಸಿದರೂ ಗುಂಯ್‌ಗುಡುತ್ತಲೇ ಇತ್ತು. ಅದು ಯಾರದೆಂದು ಕೇಳಲಾಗಿ ದೇವದುರ್ಗದ ಒಬ್ಬ ವೃದ್ಧರ ಹೆಸರು ಹೇಳಿದರು. ಅದನ್ನು ಸರಿಮಾಡಿಕೊಟ್ಟವರೂ ಅವರೇ ಅಂತೆ.

ಮರುವಾರ ಒಡೆದ ತಂಬೂರಿಯನ್ನು ಹಳೆಯ ರಗ್ಗಿನಲ್ಲಿ ಸುತ್ತಿಕೊಂಡು ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋದೆವು. ತಾಯಿಯವರೂ ಹಠಮಾಡಿ ಜೊತೆಗೆ ಬಂದರು. ಮಾನವಿಯ ಹಸುರು ಇಲ್ಲಿ ಎಲ್ಲೆಡೆಯೂ ಇಲ್ಲ. ನಡುನಡುವೆ ಹತ್ತಿಯ ಹೊಲಗಳು, ಬೋಳು ಗುಡ್ಡಗಳು. ವೃದ್ಧರು ಕಟ್ಟೆಯ ಮೇಲೆ ಕುಳಿತು, ರಗ್ಗು ಬಿಚ್ಚಿ, ದಂಡಿಯ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಬಹಳ ಹೊತ್ತು ಕೇಳಿದರು.

"ಇದರ ಜೀವ ಹೋಗಿಲ್ರಿ ರಾಯರ. ಬುರುಡಿ ಅಷ್ಟ ಹೋಗ್ಯದ. ಮೀರಜಿಗೆ ಒಯ್ರಿ, ಹೊಸಾ ಬುರುಡಿ ಕೂಡಿಸ್ತಾರ."

ನಮಗೆ ಹೋದ ಪ್ರಾಣ ಬಂದಂತಾಯಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ತಾಯಿಯವರ ಕಡೆಗೆ ತಿರುಗಿ, "ಅಮ್ಮಾರು ಒಂದು ನುಡಿ ಅನ್ರಿ, ಕೇಳೋಣ" ಎಂದರು. ನಾಲ್ಕು ತಿಂಗಳ ಮೇಲೆ ತಾಯಿಯವರು ಬಾಯಿ ತೆರೆದರು, ದನಿ ನಡುಗಿತು. ಮುದುಕರು ತಮ್ಮ ಪೇಟಿಯಲ್ಲಿ ಪಟ್ಟಿಗಳನ್ನು ಒಂದೊಂದಾಗಿ ಒತ್ತುತ್ತ ಬಂದು ಕರಿ ಮೂರರಲ್ಲಿ ನಿಂತರು. ತಂಬೂರಿಯೋ ಮೊದಲಿನಿಂದ ಕರಿ ಐದಕ್ಕೆ ಕಟ್ಟಿದ್ದು. ವಯಸ್ಸಿನೊಡನೆ ತಾಯಿಯವರ ದನಿ ಎರಡು ಕರಿ ಪಟ್ಟಿಗಳಷ್ಟು ಇಳಿದಿತ್ತು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನಮಗೆ ಅದು ಹೊಳೆದಿರಲಿಲ್ಲ. ಅವರು ಪ್ರತಿದಿನವೂ ಬಿರಡೆಗಳನ್ನು ಸಡಿಲಿಸಿಕೊಂಡು ಹೇಗೋ ಹಾಡಿಕೊಳ್ಳುತ್ತಿದ್ದರಂತೆ.

ಹೆಂಗಸರ ತಂಬೂರಿಯ ದಂಡಿ ಗಿಡ್ಡ. ಅದರ ತಂತಿಯನ್ನು ಅಷ್ಟು ಸಡಿಲಿಸಿದರೆ ಕುದುರೆಯ ಮೇಲೆ ಅದು ಸರಿಯಾಗಿ ಕೂಡುವುದಿಲ್ಲ. ತಂತಿ ಮತ್ತು ಕುದುರೆಯ ನಡುವೆ ಸರಿಸುವ ನೂಲಿನ ಎಳೆಯಿಂದಲೇ ತಂಬೂರಿಯ ಝೇಂಕಾರ ಹುಟ್ಟುವುದು. ಸಡಿಲ ತಂತಿಗೆ ಆ ಎಳೆಯೂ ಜೀವ ಕೊಡಲಾರದು. ಇಳಿದ ದನಿಗೆ ಉದ್ದ ದಂಡಿ, ದೊಡ್ಡ ಬುರುಡೆ ಬೇಕು. ಒಂದನ್ನು ದುರಸ್ತಿ ಮಾಡಿಸಿದರೆ ನೆನಪು ಉಳಿಯುತ್ತದೆ, ಹೊಸದನ್ನು ಕೊಂಡರೆ ಹಾಡು ಉಳಿಯುತ್ತದೆ ಎಂಬಂತಾಗಿ ನಾವು ಸುಮ್ಮನೆ ಕುಳಿತೆವು. ತವರಿನ ತಂಬೂರಿಯನ್ನು ಬಿಡಿರೆಂದು ಅವರಿಗೆ ಹೇಳುವವರು ಯಾರು?

ತಾಯಿಯವರೇ ಹೇಳಿದರು: "ಇದನ್ನ ನೆಟ್ಟಗ ಮಾಡಿಸಿ ಕೂಸಿಗೆ ಕೊಡ್ರಿ, ಅದರ ದನಿ ಮ್ಯಾಲಿಂದು. ನನಗ ಉದ್ದಂದು ತರ್ರಿ. ಪಿಯಾನೊದ ರೊಕ್ಕದಾಗ ಎರಡೂ ಆಗೂದಿಲ್ಲೇನು?"

ಅದರ ಸಣ್ಣ ಪಾಲಿನಲ್ಲಿಯೇ ಆಯಿತು. ಆಶ್ವೀಜದಲ್ಲಿ ಮೀರಜಿಗೆ ಹೋದೆವು. ಹತ್ತೊಂಬತ್ತನೆಯ ಶತಮಾನದಿಂದ ತಂತಿವಾದ್ಯ ಮಾಡುವ ಮನೆತನಗಳು ಅಲ್ಲಿವೆ. ಅಲ್ಲಿಯ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಪಂಢರಪುರದ ಕಡೆಯಿಂದ ಬಂದ ಬುರುಡೆಗಳನ್ನು ಮಾಡಿಗೆ ತೂಗುಹಾಕಿ ಒಣಗಿಸಿದ್ದರು. ಹನ್ನೊಂದು ತಂಬೂರಿಗಳನ್ನು ಕರಿ ಮೂರಕ್ಕೆ ಶ್ರುತಿಮಾಡಿಸಿ, ಕಣ್ಣು ಮುಚ್ಚಿ ಕೇಳಿ, ಬೆಲೆಯಲ್ಲಿ ನಡುಮಟ್ಟದ ಒಂದನ್ನು ಆರಿಸಿದೆವು. ಅತಿ ಬೆಲೆಯದು ನೋಟಕ್ಕೆ ಚೆಲುವಾಗಿದ್ದರೂ ಷಡ್ಜದ ಜೋಡಿ ತಂತಿಗಳು ಒಂದರಲ್ಲೊಂದು ಕರಗಲಿಲ್ಲ.

ಮಾರ್ಗಶಿರದಲ್ಲಿ ಎರಡೂ ತಂಬೂರಿಗಳು ಮನೆಗೆ ಬಂದುವು. ಬೇಸಿಗೆಯಲ್ಲಿ ತಂತಿ ಇಳಿಸಿ, ಗವಸಣಿಗೆ ಹಾಕಿ, ಬಿಸಿಲು ಬೀಳುವ ಗೋಡೆಯಿಂದ ದೂರ, ನೀರಿನ ಹರವಿ ಇಟ್ಟ ಮೂಲೆಯಲ್ಲಿ ನಿಲ್ಲಿಸಬೇಕೆಂದು ದೇವದುರ್ಗದ ವೃದ್ಧರು ಹೇಳಿಕಳುಹಿಸಿದ್ದಾರೆ. ಮೊಮ್ಮಗಳು ರಜೆಗೆ ಬಂದು ಹಳೆಯದನ್ನು ತೊಡೆಯ ಮೇಲಿಟ್ಟುಕೊಂಡು, "ಇದರಲ್ಲಿ ನಾಲ್ಕೇ ತಂತಿ!" ಎಂದು ಬೆರಗಾದಳು. ಮುತ್ತಜ್ಜಿಯು ಅವಳ ಬೆರಳನ್ನು ಹಿಡಿದು ಮೊದಲನೆಯ ತಂತಿಯ ಮೇಲಿಟ್ಟು, ಅವಸರ ಮಾಡಬೇಡ, ಅದು ಮುಗಿಯುವವರೆಗೆ ಕೇಳು ಎಂದರು. ಬೆಳಗಿನ ಐದು ಗಂಟೆಯ ಹೊತ್ತು. ಒಲೆಯ ಮೇಲೆ ಕಾಫಿಯ ನೀರು ಇನ್ನೂ ಇಟ್ಟಿರಲಿಲ್ಲ.