ಆಕೆ ಈಗ ಆರಾಮ ಇದ್ದಾಳೆ

ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಅನ್ನುತ್ತಿದ್ದ ಕಾಲವೊಂದಿತ್ತು. ಈಗ ಸಪ್ತಾಪುರದ ಕಡೆ ಒಗೆದು ನೋಡಿ, ಕೋಚಿಂಗ್ ಕ್ಲಾಸಿನ ಬೋರ್ಡಿಗೇ ತಾಗಬೇಕು. ಗುರಿ ತಪ್ಪಿದರೆ, ಚಹಾದಂಗಡಿಯ ಮುಂದೆ ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಕರೆಂಟ್ ಅಫೇರ್ಸ್ ಪುಸ್ತಕ ಹಿಡಿದು ನಿಂತ ಯಾವನಾದರೂ ಹುಡುಗನಿಗೆ. ಅಂಥ ಪಡೆಗೆ ನಮ್ಮ ಮನೆಯಿಂದಲೂ ಒಬ್ಬಳು ಸೇರಿ ಆರು ತಿಂಗಳಾಯಿತು. ಅಕ್ಕನ ಮಗಳು. ಬಾಗಲಕೋಟೆ ಕಡೆಯ ಹಳ್ಳಿಯಿಂದ ಬ್ಯಾಂಕ್ ಪರೀಕ್ಷೆಗೆ ಓದಲು ಬಂದವಳು ನಮ್ಮ ಪಡಸಾಲೆ ಹಿಡಿದು ಕೂತಿದ್ದಾಳೆ. ಅಂದಿನಿಂದ ಸಂಜೆ ಏಳಾಯಿತೆಂದರೆ ಟಿ.ವಿ. ಬಂದ್. ನನ್ನ ಕೈಗೆ ಆಕೆಯ ಮೊಬೈಲು. ‘ಮಾಮಾ, ಟೈಮ್ ಹಚ್ಚರಿ’ ಅಂದ ಕೂಡಲೇ ನಾನು ಗಡಿಯಾರ ಒತ್ತಬೇಕು, ‘ಆತು’ ಅಂದ ಕೂಡಲೇ ನಿಲ್ಲಿಸಬೇಕು. 32 ವರ್ಷ ಕನ್ನಡ ಕಲಿಸಿ ನಿವೃತ್ತನಾದವನಿಗೆ ಸಿಕ್ಕ ಹೊಸ ನೌಕರಿ ಇದು.

ಆಕೆ ಹೀಗೆ ಗಡಿಯಾರ ಹಚ್ಚಿ ಬಿಡಿಸುವ ಪ್ರಶ್ನೆಗೆ ಹುಡುಗರ ಬಾಯಲ್ಲಿ ‘ಪ್ಯಾರಾ ಜಂಬಲ್’ ಎಂದು ಹೆಸರು. ಒಂದು ಪ್ಯಾರಾದ ವಾಕ್ಯಗಳನ್ನು ಇಸ್ಪೀಟೆಲೆಯ ಹಾಗೆ ಕಲಸಿ ಕೊಡುತ್ತಾರೆ, ನೀವು ಮತ್ತೆ ಸಾಲಿಗೆ ಹಚ್ಚಬೇಕು. ಬ್ಯಾಂಕಿನ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಹಿಟ್ಟು ಹೋಗುವುದರ ಜೊತೆಗೆ ಜರಡಿಗೂ ಬಾಡಿಗೆ. ಆರು ವಾಕ್ಯ ಕೊಟ್ಟರೆ ಅವನ್ನು 720 ರೀತಿ ಇಡಬಹುದು ಎಂದು ಹುಡುಗಿ ಲೆಕ್ಕ ಮಾಡಿ ತೋರಿಸಿದಳು. ಮೊದಲನೆಯದು ಯಾವುದು, ಎರಡನೆಯದು ಯಾವುದು, ಕೊನೆಯದು ಯಾವುದು ಎಂದು ಒಂದೇ ಪ್ಯಾರಾದ ಮೇಲೆ ಐದು ಪ್ರಶ್ನೆ ಕೇಳುವುದುಂಟಂತೆ. ಒಂದು ವಾಕ್ಯ ಜಾಗ ತಪ್ಪಿತೋ, ಪಂಕ್ತಿಯಲ್ಲಿ ಒಬ್ಬ ತಪ್ಪು ಮಣೆಯ ಮೇಲೆ ಕೂತ ಹಾಗೆ. ಅವನ ಹಿಂದೆ ಬಂದವರೆಲ್ಲ ತಪ್ಪು ಮಣೆಯ ಮೇಲೆಯೇ.

ಗಡಿಯಾರ ಒತ್ತಿ ಒತ್ತಿ ಬೇಸರವಾಗಿ ಒಂದು ದಿನ ನಾನೂ ಒಂದಕ್ಕೆ ಕೈಹಾಕಿದೆ. ಜೇನುನೊಣಗಳ ಮೇಲಿನ ಐದು ವಾಕ್ಯ. ನೊಣ ತನ್ನ ಬಳಗಕ್ಕೆ ಹೂವಿನ ದಿಕ್ಕನ್ನು ಕುಣಿದು ತಿಳಿಸುತ್ತದೆ ಎಂದು ಅದರಲ್ಲಿತ್ತು. ನನಗೆ ಅಲ್ಲೇ ಮನಸ್ಸು ಸಿಕ್ಕಿಕೊಂಡಿತು. ಎಷ್ಟು ಹೊತ್ತು ಕುಣಿಯುತ್ತದೆ, ಗೂಡಿನ ಕತ್ತಲಲ್ಲಿ ಉಳಿದವಕ್ಕೆ ಕಾಣುವುದಾದರೂ ಹೇಗೆ ಅಂತ ಯೋಚಿಸುತ್ತ ಕೂತು, ಕೊನೆಗೆ ‘ಹೌಎವರ್’ ಎಂದು ಶುರುವಾಗುವ ವಾಕ್ಯವನ್ನು ಮೊದಲಿಟ್ಟು ಕೊಟ್ಟೆ.

‘ಮಾಮಾ, ಹೌಎವರ್ ಅಂತ ಯಾರರೆ ಮಾತು ಚಾಲೂ ಮಾಡ್ತಾರೇನ್ರೀ?’

ಮಾಡುತ್ತಾರೆ ಅಂತ ನನ್ನ ವಾದ. ನಮ್ಮಲ್ಲಿ ಅರ್ಧ ಜನ ಮಾತು ಶುರು ಮಾಡುವುದೇ ‘ಅಲ್ಲಾ...’ ಎಂದು. ಎದುರಿಗಿದ್ದವರು ಇನ್ನೂ ಬಾಯಿ ತೆರೆದಿರುವುದಿಲ್ಲ, ಇವರು ‘ಅಲ್ಲಾ, ನಾ ಕೇಳೋದು...’ ಎಂದು ಮೊದಲೇ ಅಲ್ಲಗಳೆದಿರುತ್ತಾರೆ. ಏನನ್ನು ಅಲ್ಲಗಳೆದರು, ದೇವರಿಗೇ ಗೊತ್ತು. ಇನ್ನು ಕೆಲವರದು ‘ಆದರೂ ನೀನು ಹಂಗ ಮಾಡಬಾರದಿತ್ತು’. ಹಿಂದಿನ ವಾಕ್ಯಗಳೆಲ್ಲ ರಾತ್ರಿಯಿಡೀ ಅವರ ತಲೆಯೊಳಗೇ ನಡೆದಿರುತ್ತವೆ, ನಮ್ಮ ಪಾಲಿಗೆ ಬರುವುದು ಬಾಲ ಮಾತ್ರ. ಈ ವಾದ ಪ್ರಶ್ನೆಪತ್ರಿಕೆ ತೆಗೆಯುವವರ ಮುಂದೆ ನಡೆಯುವುದಿಲ್ಲವಂತೆ.

‘ನೀವು ಓದ್ಲಿಕ್ಕೆ ಹತ್ತೀರಿ’ ಎಂದಳು. ‘ಓದಬಾರದ್ರೀ ಮಾಮಾ. ನೋಡಬೇಕು.’

ಆ ಮಾತು ನನಗೆ ಚುಚ್ಚಿತು. ಆದರೆ ಆಕೆ ಹೇಗೆ ನೋಡುತ್ತಾಳೆ ಎಂದು ಪಕ್ಕದಲ್ಲಿ ಕೂತು ಕಂಡ ಮೇಲೆ ಒಪ್ಪಲೇಬೇಕಾಯಿತು. ಕಣ್ಣು ವಾಕ್ಯದ ಹೊಟ್ಟೆಗೆ ಇಳಿಯುವುದೇ ಇಲ್ಲ, ಮೂಗು ಬಾಲಗಳ ಮೇಲೆ ಮಾತ್ರ ಓಡಾಡುತ್ತದೆ. ‘ಅವನು’, ‘ಅದು’ ಇದ್ದರೆ ಅದು ಯಾರನ್ನೋ ಹಿಂಬಾಲಿಸಿ ಬಂದದ್ದು, ಮೊದಲು ಕೂರುವಂತಿಲ್ಲ. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಗಿಡ್ಡ ಹೆಸರಿದ್ದರೆ ಪೂರ್ತಿಯದೇ ಮುಂದೆ. ‘ಎ’ ಬಂದಮೇಲೆ ‘ದ’. ಇದನ್ನು ಮಾತ್ರ ನನಗೆ ಯಾರೂ ಕಲಿಸಬೇಕಿರಲಿಲ್ಲ. ‘ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಆ ರಾಜನಿಗೆ ಮೂವರು ಹೆಂಡಿರು.’ ‘ಆ ರಾಜ’ ಮೊದಲು ಬಂದಿದ್ದರೆ ನಮ್ಮ ಅಜ್ಜಿಯ ಮಡಿಲಲ್ಲಿ ಮಲಗಿದ ಕೂಸೂ ‘ಯಾವ ರಾಜಾ?’ ಎಂದು ಎದ್ದು ಕೂರುತ್ತಿತ್ತು.

ಈ ವಿದ್ಯೆ ನಮಗೇನು ಹೊಸದೇ? ಹಳಗನ್ನಡ, ನಡುಗನ್ನಡದ ಪದ್ಯಗಳನ್ನು ನಮ್ಮ ಮಾಸ್ತರರು ಕಲಿಸುತ್ತಿದ್ದುದೇ ಹೀಗೆ. ಮೊದಲು ಪದವಿಭಾಗ, ಆಮೇಲೆ ಅನ್ವಯ, ಆಮೇಲೆ ತಾತ್ಪರ್ಯ. ಭಾಮಿನಿ ಷಟ್ಪದಿ ಎಂದರೆ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ನಡೆ ಕೆಡಬಾರದು, ಆರೂ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ತಪ್ಪಬಾರದು. ಇಷ್ಟು ಇಕ್ಕಟ್ಟಿನಲ್ಲಿ ಕವಿ ಕರ್ತೃವನ್ನು ಅಟ್ಟಕ್ಕೆ ಏರಿಸಿ, ಕರ್ಮವನ್ನು ಕಟ್ಟೆಗೆ ಕೂರಿಸಿ, ಕ್ರಿಯಾಪದವನ್ನು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತುರುಕಿರುತ್ತಾನೆ. ‘ಯಾರು? ಯಾರನ್ನು? ಏನು ಮಾಡಿದರು?’ ಎಂದು ಮಾಸ್ತರರು ಬಡಿಗೆಯಿಂದ ಮೇಜಿಗೆ ಮೂರು ಏಟು ಹಾಕಿದರೆ ಪದಗಳು ಹೆದರಿ ಸಾಲಿಗೆ ಬಂದು ನಿಲ್ಲುತ್ತಿದ್ದವು. ಮುಂದೆ ನಾನೂ ಅದೇ ಮಾಡಿದೆ, ಬಡಿಗೆಯೊಂದನ್ನು ಬಿಟ್ಟು.

ಅದು ಸಾಧ್ಯವಾಗುವುದು ಕನ್ನಡದ ಪದಗಳಿಗೆ ವಿಭಕ್ತಿಯ ಗುರುತಿನ ಚೀಟಿ ಇರುವುದರಿಂದ. ‘ರಾಮನು ರಾವಣನನ್ನು ಕೊಂದನು’ ತೆಗೆದುಕೊಳ್ಳಿ. ಮೂರು ಪದ, ಆರು ಜೋಡಣೆ. ಆರರಲ್ಲೂ ಸಾಯುವವನು ರಾವಣನೇ. ಇಂಗ್ಲಿಷಿನಲ್ಲಿ ಹೆಸರೆರಡನ್ನು ಅದಲುಬದಲು ಮಾಡಿದಿರೋ, ರಾಮಾಯಣವೇ ಕೆಟ್ಟಿತು. ಆದರೆ ಪದದಿಂದ ವಾಕ್ಯಕ್ಕೆ ಬಂದರೆ ನಮ್ಮ ಭಾಷೆಗೂ ಈ ಚೀಟಿಯ ಅನುಕೂಲವಿಲ್ಲ. ‘ಆಮೇಲೆ’, ‘ಹಾಗಾಗಿ’, ‘ಅದಕ್ಕೆ’ ಇಷ್ಟೇ ಗತಿ. ಅಥವಾ ಕನ್ನಡದವರು ಮಾಡುವ ಹಾಗೆ ಪೂರ್ಣವಿರಾಮವನ್ನೇ ಕೊಡದಿರುವುದು. ಎದ್ದು, ಮುಖ ತೊಳೆದು, ಚಹಾ ಕುಡಿದು, ಪೇಪರ್ ಓದಿ, ಸಂತೆಗೆ ಹೋಗಿ, ಚೌಕಾಸಿ ಮಾಡಿ, ಬದನೆಕಾಯಿ ತಂದೆ. ಏಳು ಕೆಲಸ, ಒಂದೇ ದಾರದಲ್ಲಿ ಪೋಣಿಸಿದ್ದು. ಕಲಸಿ ಕೊಡಬೇಕೆಂದರೆ ಕತ್ತರಿಗೇ ಜಾಗವಿಲ್ಲ.

ಹಿಂದುಮುಂದಾದ ವಾಕ್ಯದಿಂದ ಅಂಕವಷ್ಟೇ ಹೋಗುವುದಿಲ್ಲ. ನಾನು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಗ ಅಪ್ಪ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದ. ಇಟ್ಟ ದುಡ್ಡಿಗೆ ಪೂರ್ತಿ ಜಾಗ ವಸೂಲು ಮಾಡುವ ಮನುಷ್ಯ. ಒಳಗೆಲ್ಲ ತುಂಬಿಸಿ, ಅಂಚಿನಲ್ಲಿ ಅಡ್ಡಡ್ಡ ಬರೆದು, ಆಮೇಲೂ ಉಳಿದದ್ದನ್ನು ಮಡಿಕೆಯ ಮೇಲೆ ಬರೆದು ಅಂಟಿಸುತ್ತಿದ್ದ. ಓದುವವನಿಗೆ ಹರಿದ ಕೂಡಲೇ ಮೊದಲು ಕಾಣುವುದು ಆ ಮಡಿಕೆಯೇ. ಒಂದು ಸಲ ಅಲ್ಲಿ ಹೀಗಿತ್ತು: ‘ಆಕೆ ಈಗ ಆರಾಮ ಇದ್ದಾಳೆ. ಗಾಬರಿಯಾಗಿ ಪರೀಕ್ಷೆ ಬಿಟ್ಟು ಬರಬೇಡ.’

ಅವ್ವನಿಗೆ ದಮ್ಮಿನ ಬೇನೆಯಿತ್ತು. ನಾನು ಮುಂದೆ ಓದಲಿಲ್ಲ. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸಿನಲ್ಲೂ ಪತ್ರವನ್ನು ಬಿಡಿಸಿ ನೋಡುವ ಧೈರ್ಯವಾಗದೆ ಜೇಬನ್ನು ಒತ್ತಿ ಹಿಡಿದು ಕೂತಿದ್ದೆ. ನವಲಗುಂದದಲ್ಲಿ ಬಸ್ಸು ನಿಂತಾಗ ಏನಾದರಾಗಲಿ ಎಂದು ತೆರೆದೆ. ಮಳೆ, ಜೋಳದ ಧಾರಣೆ, ಸೋದರತ್ತೆಯ ಮುನಿಸು ಎಲ್ಲ ಮುಗಿದ ಮೇಲೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇತ್ತು: ನಮ್ಮ ಕೆಂಪು ಆಕಳು ನಾಲ್ಕು ದಿನ ಮೇವು ಬಿಟ್ಟಿತ್ತು, ಡಾಕ್ಟರು ಬಂದು ಸೂಜಿ ಚುಚ್ಚಿದರು.

ಊರು ಮುಟ್ಟಿದಾಗ ಅವ್ವ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದಳು. ‘ಯಾಕೋ, ಪರೀಕ್ಷಾ ಬಿಟ್ಟು ಬಂದಿ?’ ಎಂದಳು. ‘ಆಕಳ ನೋಡಾಕ’ ಎಂದೆ. ಮರುದಿನದ ಕಿರುಪರೀಕ್ಷೆ ಹೋಯಿತು. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಆಕೆ ನಗಲಿಲ್ಲ, ವೈದ್ಯರ ಹಾಗೆ ರೋಗ ಹೇಳಿದಳು: ‘ಸರ್ವನಾಮ ಮೊದಲ ಬಂತು ನೋಡ್ರಿ, ನಾಮಪದ ಆಮ್ಯಾಲ.’

ಆಕೆಗೆ ಈ ರೋಗದ ಪರಿಚಯ ಹುಟ್ಟಿನಿಂದಲೇ ಇರಬೇಕು, ತಾಯಿ ನಮ್ಮ ಅಕ್ಕನಲ್ಲವೇ. ಅಕ್ಕನ ಫೋನು ರಾತ್ರಿ ಒಂಬತ್ತಕ್ಕೆ ಬರುತ್ತದೆ. ‘ಅಲ್ಲಾ, ಅಂವಾ ಬರಲೇ ಇಲ್ಲ ನೋಡವಾ. ಅದಕ್ಕ ನಾ ಇಕಿಗೆ ಅಂದೆ, ಅದನ್ನ ಅವರ ಮನ್ಯಾಗ ಇಟ್ಟು ಬಾ ಅಂತ. ಈಗ ಅವರು ಅದನ್ನ ಕೊಡವಲ್ಲರು!’ ನಾನಾದರೆ ‘ಅಂವಾ ಅಂದ್ರ ಯಾರು?’ ಎಂದು ಕೇಳಿ ಬೈಸಿಕೊಳ್ಳುತ್ತೇನೆ. ಹುಡುಗಿ ಏನೂ ಕೇಳುವುದಿಲ್ಲ. ಅಂವಾ ಎಂದರೆ ಮಿಕ್ಸರ್ ರಿಪೇರಿಯವನು, ಇಕಿ ಎಂದರೆ ತಂಗಿ, ಅದು ಎಂದರೆ ಮಿಕ್ಸರಿನ ಜಾರು, ಅವರು ಎಂದರೆ ಆ ಜಾರಿನಲ್ಲಿ ಈಗ ತಮ್ಮ ಚಟ್ನಿ ರುಬ್ಬಿಕೊಳ್ಳುತ್ತಿರುವ ಆಚೆಮನೆಯವರು. ಎಲ್ಲ ಅರ್ಧ ನಿಮಿಷದಲ್ಲಿ ಹೊಂದಿಸಿ, ‘ಸಣ್ಣ ಜಾರೋ ದೊಡ್ಡ ಜಾರೋ?’ ಎಂದು ನೇರ ಮುಂದಿನ ಪ್ರಶ್ನೆಗೆ ಹೋಗುತ್ತಾಳೆ. ಕೋಚಿಂಗಿಗೆ ಕಟ್ಟಿದ ಫೀ ದಂಡವೋ ಎಂದು ನನಗೆ ಅನಿಸುವುದು ಆಗಲೇ.

‘ಓದಬಾರದು, ನೋಡಬೇಕು’ ಅಂದದ್ದು ಮಾತ್ರ ಮನಸ್ಸಿನಲ್ಲಿ ಕೂತಿತ್ತು. ಕನ್ನಡದಲ್ಲಿ ಕೊಟ್ಟರೆ ಓದದೆ ಹೇಗೆ ಬಿಡಿಸುತ್ತಾಳೆ ನೋಡೋಣ ಎಂದು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ನಾನೇ ಒಂದು ಪ್ರಶ್ನೆ ಬರೆದೆ. ವಿಷಯವೂ ಊರಿನದೇ.

ಅ. ಅವರು ಈ ಕಡೆಯ ಎಮ್ಮೆಯ ಹಾಲಿನಿಂದ ಪೇಡೆ ಮಾಡಿ ಮಾರತೊಡಗಿದರು.
ಆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದ ಉನ್ನಾವ್ ಸೀಮೆಯಿಂದ ಠಾಕೂರ್ ಮನೆತನದವರು ಧಾರವಾಡಕ್ಕೆ ವಲಸೆ ಬಂದರು.
ಇ. ಹೀಗೆ ಹೊರಗಿನವರು ತಂದ ಸಿಹಿಗೆ ಊರಿನ ಹೆಸರೇ ಅಂಟಿಕೊಂಡಿತು.
ಈ. ಹೊಸ ಊರಿನಲ್ಲಿ ಹೊಟ್ಟೆ ಹೊರೆಯಲು ಅವರಿಗೊಂದು ಕಸುಬು ಬೇಕಾಯಿತು.
ಉ. ಇಂದು ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಗಡಿಯಾರ ಒತ್ತಿದೆ. 19 ಸೆಕೆಂಡು. ‘ಆ, ಈ, ಅ, ಇ, ಉ’ ಎಂದಳು. ನನ್ನ ಉತ್ತರವೂ ಅದೇ. ‘ಯಾವುದರ ಬಗ್ಗೆ ಇತ್ತು?’ ಎಂದು ಕೇಳಿದೆ. ‘ಏನೋ ವಲಸೆ...’ ಎಂದು ಮತ್ತೆ ಹಾಳೆಯ ಕಡೆ ಬಗ್ಗಿದಳು. ಪೇಡೆಯ ಊರಿನಲ್ಲಿ ಕೂತು ಪೇಡೆಯ ಮೇಲಿನ ಐದು ವಾಕ್ಯವನ್ನು ಪೇಡೆಯ ವಾಸನೆಯೂ ತಾಗದೆ ದಾಟಿ ಹೋಗಿದ್ದಳು! ನಾನು ಉಪದೇಶಕ್ಕೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹುಡುಗಿ ತಲೆ ಎತ್ತಿದಳು.

‘ಮಾಮಾ, ನಿಮ್ಮ ಪ್ರಶ್ನೀನ ತಪ್ಪೈತ್ರೀ. ಉ ಮೊದಲಿಟ್ಟು ಇ ಆಮ್ಯಾಲ ಇಟ್ರೂ ನಡೀತೈತಿ. ಎರಡು ಉತ್ತರ ಬರ್ತಾವ. ಪರೀಕ್ಷಾದಾಗ ಹಿಂಗ ಕೊಟ್ರ ಹುಡುಗ್ರು ಕೋರ್ಟಿಗೆ ಹೋಗ್ತಾರ.’

ಓದಿ ನೋಡಿದೆ. ಆ, ಈ, ಅ, ಉ, ಇ. ನಡೆಯುತ್ತದೆ. ನಡೆಯುವುದಷ್ಟೇ ಅಲ್ಲ, ನನ್ನದಕ್ಕಿಂತ ಚೆನ್ನಾಗಿದೆ. ನನ್ನ ಜೋಡಣೆ ಸರಕಾರಿ ಮಾನ್ಯತೆಯಲ್ಲಿ ಮುಗಿಯುತ್ತಿತ್ತು, ಆಕೆಯದು ಊರಿನ ಹೆಸರಿನಲ್ಲಿ ಮುಗಿಯಿತು. ಮೂರು ದಶಕ ಪ್ರಶ್ನೆಪತ್ರಿಕೆ ತೆಗೆದವನ ಮುಖದಲ್ಲಿ ಆಗ ಏನಿತ್ತೋ, ಎದುರಿಗೆ ಕನ್ನಡಿ ಇರಲಿಲ್ಲ.

ಸೋಲನ್ನು ಮುಚ್ಚಿಕೊಳ್ಳಲು ಕನ್ನಡ ಮಾಸ್ತರನಿಗೆ ಸಾಹಿತ್ಯ ಚರಿತ್ರೆಯಷ್ಟು ದೊಡ್ಡ ಶಾಲು ಇನ್ನೊಂದಿಲ್ಲ. ಶೂನ್ಯಸಂಪಾದನೆಯ ಕತೆ ತೆಗೆದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿ ಬಿಡಿ ಮಾತುಗಳು, ಒಂದಕ್ಕೆ ಇನ್ನೊಂದು ಗಂಟು ಬಿದ್ದವಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಎಂಬಾತ ಅವುಗಳನ್ನು ಎದುರಿಗೆ ಹರಡಿಕೊಂಡು, ಒಬ್ಬರು ಕೇಳಿದ ಹಾಗೆ, ಇನ್ನೊಬ್ಬರು ಉತ್ತರ ಕೊಟ್ಟ ಹಾಗೆ, ಅಲ್ಲಮ ನಡುವೆ ಕೂತು ಎಲ್ಲರನ್ನೂ ಕೆಣಕಿದ ಹಾಗೆ ಜೋಡಿಸಿದ. ಯಾವ ಮಾತಿಗೆ ಯಾವ ಮಾತು ಉತ್ತರ ಎಂದು ಹುಡುಕುತ್ತ ಆತ ಎಷ್ಟು ರಾತ್ರಿ ಕೂತನೋ. ಅಷ್ಟಕ್ಕೇ ಮುಗಿಯಲಿಲ್ಲ. ಆತನ ನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂದು ಇನ್ನೂ ಮೂವರು ಅದನ್ನೇ ಮತ್ತೆ ಪರಿಷ್ಕರಿಸಿದರು. ನಾಲ್ಕು ಶೂನ್ಯಸಂಪಾದನೆಗಳೂ ನಮ್ಮಲ್ಲಿವೆ, ಯಾರೂ ಕೋರ್ಟಿಗೆ ಹೋಗಲಿಲ್ಲ.

‘ಅವರಿಗೆ ನೆಗೆಟಿವ್ ಇರಲಿಲ್ಲ ತಗೋರಿ’ ಎಂದಳು ಹುಡುಗಿ.

ನೆಗೆಟಿವ್ ಇಲ್ಲದ ಪರೀಕ್ಷೆಯೂ ಇದೆ. ಐಐಎಂಗಳಿಗೆ ಹೋಗಲು ಬರೆಯುವ ಕ್ಯಾಟ್‌ನಲ್ಲಿ ನಾಲ್ಕೇ ವಾಕ್ಯ ಕೊಡುತ್ತಾರೆ. ಆಯ್ಕೆಗಳಿಲ್ಲ, ಕ್ರಮವನ್ನು ನೀವೇ ಒತ್ತಬೇಕು, ತಪ್ಪಾದರೆ ಅಂಕ ಕಡಿಯುವುದಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ಅದಕ್ಕೆ ಓದುತ್ತಿದ್ದಾನೆ. ನಾಲ್ಕು ವಾಕ್ಯಕ್ಕೆ 24 ಜೋಡಣೆಯಷ್ಟೇ, ಸುಲಭವಲ್ಲವೇನಪ್ಪಾ ಎಂದೆ. ನನ್ನನ್ನು ಕರುಣೆಯಿಂದ ನೋಡಿ ಸೈಕಲ್ ಹತ್ತಿ ಹೋದ.

ಕಳೆದ ಶನಿವಾರ ನಮ್ಮ ಹುಡುಗಿಯ ಪರೀಕ್ಷೆ ಹುಬ್ಬಳ್ಳಿಯಲ್ಲಿತ್ತು. ನಾನೂ ಜೊತೆಗೆ ಹೋಗಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಹೊರಬಂದವಳು ಬಾಟಲಿಯ ನೀರನ್ನೆಲ್ಲ ಗಟಗಟ ಕುಡಿದು, ‘ಜಂಬಲ್ ಒಂದು ಸೆಟ್ ಇತ್ತು ಮಾಮಾ. ಒಂದೋ ಐದಕ್ಕ ಐದು, ಇಲ್ಲಾಂದ್ರ ಐದಕ್ಕ ಸೊನ್ನಿ’ ಎಂದಳು. ಯಾವುದರ ಬಗ್ಗೆ ಇತ್ತು ಎಂದು ನಾನು ಕೇಳಲಿಲ್ಲ, ಬುದ್ಧಿ ಬಂದಿತ್ತು. ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಂತೆ ಅಕ್ಕನ ಫೋನು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

‘ಅಲ್ಲಾ, ಆತಂತೇನವಾ ಅದು? ಅಂವಾ ಏನರೆ ಅಂದನೇನು? ಮತ್ತ ಅದನ್ನ ಅವರಿಗೆ ಕೊಟ್ಟಿಯೋ ಇಲ್ಲೋ?’

‘ಇಲ್ಲ. ನಾಳೆ. ಹೂಂ’ ಎಂದಳು ಹುಡುಗಿ. ಆ ಕಡೆ ಅಕ್ಕನಿಗೆ ಪೂರ್ತಿ ಸಮಾಧಾನವಾಗಿ ಫೋನು ಇಟ್ಟಳು. ಮೂರು ಪ್ರಶ್ನೆ, ಮೂರು ಉತ್ತರ. ಆರು ಜೋಡಣೆಯನ್ನೂ ಬಸ್ಸಿನಲ್ಲಿ ಧಾರವಾಡದವರೆಗೆ ಬೆರಳಿನಲ್ಲಿ ಎಣಿಸುತ್ತ ಬಂದೆ, ಒಂದೂ ಕೂಡಲಿಲ್ಲ.