ಚಾಡ್ ಸರೋವರ ಮತ್ತು ಅರ್ಧ ಅಂಕ

ಮೂವತ್ತು ವರ್ಷ ಭೂಗೋಳ ಪಾಠ ಹೇಳಿದವನಿಗೆ ಭೂಮಿಯ ಮೇಲೆ ಒಂದು ಬಗೆಯ ಯಜಮಾನಿಕೆ ಬಂದುಬಿಡುತ್ತದೆ. ಕೈಯಲ್ಲಿ ಬೆತ್ತ, ಎದುರಿಗೆ ನಕಾಶೆ. ನೈಲ್ ನದಿ ನಾನು ತೋರಿಸಿದ ಕಡೆಯಲ್ಲೇ ಹರಿಯಬೇಕು, ಕಿಲಿಮಂಜಾರೋ ನಾನು ಹೇಳಿದಷ್ಟೇ ಎತ್ತರ ನಿಲ್ಲಬೇಕು. ಆ ಯಜಮಾನಿಕೆಯ ಅಮಲಿನಲ್ಲಿ ಒಮ್ಮೆ ನಾನು ಮಾಡಿದ ಅನ್ಯಾಯವನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಶಾಲೆಯ ಗೋಡೆಯ ಮೇಲೆ ಬಟ್ಟೆಗೆ ಅಂಟಿಸಿದ ಆಫ್ರಿಕಾ ಖಂಡದ ಹಳೆಯ ನಕಾಶೆಯೊಂದು ತೂಗಾಡುತ್ತಿತ್ತು. ಸಹರಾ ಮರುಭೂಮಿಯ ಹಳದಿ ಮುಗಿದು ಹುಲ್ಲುಗಾವಲಿನ ಹಸಿರು ತೊಡಗುವಲ್ಲಿ, ಹುಣಿಸೆಬೀಜದಷ್ಟು ದೊಡ್ಡ ನೀಲಿ ಚುಕ್ಕೆ: ಚಾಡ್ ಸರೋವರ. 1987ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗ ಅದನ್ನು ಸಾಸಿವೆ ಕಾಳಿನಷ್ಟು ಬರೆದಿದ್ದ. ಅರ್ಧ ಅಂಕ ಕಳೆದೆ. ಉತ್ತರಪತ್ರಿಕೆ ಹಂಚಿದ ದಿನ ಅವನು ಎದ್ದುನಿಂತು, "ಆಕಾಶದಿಂದ ತೆಗೆದ ಫೋಟೋ ಪತ್ರಿಕೆಯಲ್ಲಿ ಬಂದಿತ್ತು, ಸಾರ್. ಅದರಲ್ಲಿ ಇಷ್ಟೇ ಇತ್ತು" ಎಂದ. "ಸರೋವರ ಅಂದರೆ ನಿಮ್ಮಪ್ಪನ ಸಂಬಳವೇನೋ, ತಿಂಗಳ ಕೊನೆಗೆ ಕರಗಿಹೋಗೋಕೆ?" ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತುಕೊಂಡ.

ಸರೋವರ ಕರಗಿತ್ತು. ನಿವೃತ್ತನಾದ ಮೇಲೆ, ಹೊತ್ತು ಹೋಗದೆ ಓದುತ್ತಿದ್ದಾಗ, ಇದು ನನಗೆ ತಿಳಿಯಿತು. 1960ರ ದಶಕದ ಮೊದಲಲ್ಲಿ ಸುಮಾರು 25,000 ಚದರ ಕಿಲೋಮೀಟರ್ ಹರಡಿದ್ದ ನೀರು, ಎಂದರೆ ನಮ್ಮ ಕೇರಳದ ಮೂರರಲ್ಲಿ ಎರಡು ಪಾಲಿನಷ್ಟು, 1980ರ ದಶಕದ ನಡುವಿಗೆ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಆ ಸರೋವರ ಊಟದ ತಟ್ಟೆಯಂತೆ ಚಪ್ಪಟೆ. ಆಳ ಕೆಲವೇ ಮೀಟರು. ತಟ್ಟೆಯ ಸಾರು ಬೆರಳಗಲ ಇಳಿದರೂ ಅಂಚು ಎಷ್ಟೋ ದೂರ ಸರಿಯುತ್ತದಲ್ಲವೆ? ಹೆಚ್ಚಿನ ನೀರೆಲ್ಲ ದಕ್ಷಿಣದಿಂದ ಬರುವ ಶಾರಿ ನದಿಯದು. 1970ರ ಮತ್ತು 80ರ ದಶಕಗಳಲ್ಲಿ ಮಳೆ ಕೈಕೊಟ್ಟಿತು, ನದಿ ಬಡವಾಯಿತು, ಬಿಸಿಲು ಮಾತ್ರ ತನ್ನ ಪಾಲನ್ನು ಬಿಡಲಿಲ್ಲ. ದಡದ ಊರುಗಳು ದಡ ಕಾಣದಾದವು.

ಹಾಗಾದರೆ ನನ್ನ ಹುಣಿಸೆಬೀಜವಾದರೂ ಅದರ ನಿಜವಾದ ಅಳತೆಯೇ? ಅದೂ ಅಲ್ಲ. ಸುಮಾರು ಆರು ಸಾವಿರ ವರ್ಷಗಳ ಹಿಂದೆ ಮುಂಗಾರು ಸಹರಾದ ಒಳಗೆ ಬಹುದೂರ ಹೋಗುತ್ತಿದ್ದಾಗ, ಈ ಸರೋವರ ಇಂದಿನ ಕ್ಯಾಸ್ಪಿಯನ್ ಸಮುದ್ರಕ್ಕೆ ಸರಿದೊರೆಯಾಗಿತ್ತು. ಅಲ್ಜೀರಿಯದ ತಸ್ಸಿಲಿ ಬಂಡೆಗಳ ಮೇಲೆ ಆ ಕಾಲದ ಜನ ಬರೆದ ದನಗಳ ಮಂದೆ ಇಂದಿಗೂ ಇದೆ. ಮೇಯಲು ಹುಲ್ಲು ಮಾತ್ರ ಇಲ್ಲ. ಒಣಗಿದ ಸರೋವರದ ತಳವೊಂದು ಈಗ ಬೊಡೆಲೆ ಎಂಬ ತಗ್ಗು. ನೀರಿನಲ್ಲಿ ಬದುಕಿದ್ದ ಸೂಕ್ಷ್ಮ ಪಾಚಿಗಳ ಚಿಪ್ಪು ಅಲ್ಲಿ ಧೂಳಾಗಿದೆ. ಎರಡು ಬೆಟ್ಟಸಾಲುಗಳ ನಡುವೆ ನುಗ್ಗುವ ಗಾಳಿ ಅದನ್ನೆತ್ತಿ ಒಯ್ಯುತ್ತದೆ. ಅದರಲ್ಲೊಂದಂಶ ಅಟ್ಲಾಂಟಿಕ್ ಸಾಗರವನ್ನೇ ದಾಟಿ ಅಮೆಜಾನಿನ ಕಾಡಿಗೆ ಗೊಬ್ಬರವಾಗಿ ಬೀಳುತ್ತದೆ.

ಸರೋವರದ ಸುತ್ತಲಿನ ನೈಜೀರಿಯ, ನೈಜರ್, ಚಾಡ್, ಕ್ಯಾಮರೂನ್ ದೇಶಗಳ ಜನಕ್ಕೆ ನಕಾಶೆಯ ಹಂಗಿಲ್ಲ. ನೀರು ಬಂದಾಗ ಬಲೆ ಬೀಸುತ್ತಾರೆ. ಹಿಂದೆ ಸರಿದಾಗ ಒದ್ದೆ ನೆಲದಲ್ಲಿ ಜೋಳ, ಅಲಸಂದೆ ಬಿತ್ತುತ್ತಾರೆ. ದನಗಾಹಿಗಳು ಹುಲ್ಲು ಹೋದ ಕಡೆ ಹೋಗುತ್ತಾರೆ. ನೀರು ತೀರ ಕಡಿಮೆಯಾದ ವರ್ಷಗಳಲ್ಲಿ ಆ ಒದ್ದೆ ನೆಲಕ್ಕಾಗಿಯೇ ಮೀನುಗಾರನಿಗೂ ಬೇಸಾಯಗಾರನಿಗೂ ದನಗಾಹಿಗೂ ಜಗಳ. 1990ರ ದಶಕದಿಂದೀಚೆಗೆ ಮಳೆ ಸ್ವಲ್ಪ ಚೇತರಿಸಿ, ಸರೋವರವೂ ಕೊಂಚ ಚೇತರಿಸಿದೆ. ವರ್ಷದಲ್ಲೇ ಅದು ಹಿಗ್ಗುತ್ತದೆ, ಕುಗ್ಗುತ್ತದೆ.

ಆ ಹುಡುಗ ಈಗ ಎಲ್ಲಿದ್ದಾನೋ. ಅವನಿಗೂ ತಲೆ ನರೆತಿರಬೇಕು. ಅರ್ಧ ಅಂಕವನ್ನು ಬೇಕಾದರೆ ಕೊಟ್ಟುಬಿಡಬಹುದು. ಆ ನಗುವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಇಂದು ಯಾರಾದರೂ ಆಫ್ರಿಕಾದ ನಕಾಶೆ ಬರೆದು ತಂದು ತೋರಿಸಿದರೆ, ಚುಕ್ಕೆಯ ಗಾತ್ರ ನೋಡಿ ಕೆಂಪು ಮಸಿ ಎತ್ತಲಾರೆ. ಒಂದೇ ಮಾತು ಕೇಳುತ್ತೇನೆ: "ಇದು ಯಾವ ವರ್ಷದ್ದಪ್ಪಾ? ಯಾವ ತಿಂಗಳಿನದು?"