ಹಳೆ ಮಳೆಯ ಲೆಕ್ಕ

ಪಿಎಚ್‌ಡಿ ಮಾಡುವವರನ್ನು ಕೇಳಬಾರದ ಪ್ರಶ್ನೆ ಒಂದೇ: ‘ಎಂದು ಮುಗಿಯುತ್ತದೆ?’ ನಮ್ಮ ಶಿರೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೂ ಅದೇ. ತಂಗಿಯ ಮಗಳು ಬೈಂದೂರಿನಲ್ಲಿ ರೈಲಿಳಿದು ಮನೆ ಮುಟ್ಟುವಷ್ಟರಲ್ಲಿ ರಿಕ್ಷಾದವನಿಂದ ಹಿಡಿದು ಮೀನು ಮಾರುವವಳವರೆಗೆ ಎಲ್ಲರೂ ಕೇಳಿ ಆಗಿರುತ್ತದೆ. 1960–70ರ ದಶಕದ ಉಪಗ್ರಹಗಳು ಕಂಡದ್ದನ್ನು ಹಿಡಿದು ಅಂದಿನ ಹವಾಮಾನ ಹೇಗಿತ್ತೆಂದು ಹುಡುಕುವುದು ಅವಳ ಕೆಲಸ. ಅಮ್ಮನಿಗೆ ಅರ್ಥವಾಗಲೆಂದು ನಾನು ‘ಹಳೆ ಮಳೆಯ ಲೆಕ್ಕ’ ಎಂದೆ.

“ಹಳಿ ಮಳಿ ಲೆಕ್ಕ ಹಾಕುಕೆ ಬೆಂಗ್ಳೂರಿಗೆ ಹೋಯ್ಕಾ? ನನ್ ಹತ್ರ ಕೇಂಡ್ರೆ ನಾನೇ ಹೇಳ್ತಿದ್ದೆ” ಎಂದು ಅಮ್ಮ ಎಲೆಗೆ ಸುಣ್ಣ ಹಚ್ಚಿದಳು.

ಹುಡುಗಿ ಬೇಸರಿಸಲಿಲ್ಲ. ಅಮ್ಮಮ್ಮನ ಪಕ್ಕ ಕುಳಿತು ನಿಂಬಸ್ ಎಂಬ ಉಪಗ್ರಹಗಳ ಕತೆ ಶುರುಮಾಡಿದಳು. 1964ರ ಆಗಸ್ಟ್ 28ರಂದು ಅಮೆರಿಕ ಹಾರಿಸಿದ ನಿಂಬಸ್–1 ತಿಂಗಳು ತುಂಬುವ ಮೊದಲೇ ಸೂರ್ಯಫಲಕ ತಿರುಗದೆ ಕಣ್ಣು ಮುಚ್ಚಿತಂತೆ. ಪಿಎಚ್‌ಡಿಯವರಿಗೆ ವಿಷಯ ಆರಿಸುವುದಕ್ಕೂ ಅಷ್ಟು ಸಮಯ ಸಾಲುವುದಿಲ್ಲ! ಆದರೂ ಅದು ಇದ್ದಷ್ಟು ದಿನ ಚಿತ್ರ ಕಳಿಸಿತು. ಭೂಮಿಯಲ್ಲಿ ಟಿವಿ ಪರದೆಯ ಮೇಲೆ ಮೂಡಿದ್ದನ್ನು ಮತ್ತೆ ಫಿಲ್ಮಿಗೆ ಇಳಿಸಿ, ಸುರುಳಿಗಳನ್ನು ಡಬ್ಬಿಗೆ ತುಂಬಿ ಇಟ್ಟರು. ಅಂದು ಬೇಕಿದ್ದದ್ದು ಮೋಡ, ನಾಳೆಯ ಹವೆ. ನಾಳೆ ಕಳೆದ ಮೇಲೆ ಡಬ್ಬಿಯನ್ನು ಕೇಳುವವರಿಲ್ಲ.

ಸುಮಾರು ಅರ್ಧ ಶತಮಾನದ ಬಳಿಕ ಕೊಲೊರಾಡೊದ ಹಿಮ ದತ್ತಾಂಶ ಕೇಂದ್ರದವರು ಆ ಸುರುಳಿಗಳನ್ನು ಬಿಚ್ಚಿ ಸ್ಕ್ಯಾನ್ ಮಾಡಿದರು. ಅವರು ಹುಡುಕಿದ್ದು ಮೋಡವನ್ನಲ್ಲ, ಮೋಡದ ಸಂದಿಯಲ್ಲಿ ಇಣುಕುತ್ತಿದ್ದ ಅಂಟಾರ್ಕ್ಟಿಕದ ಕಡಲ ಹಿಮವನ್ನು. ಆ ಹಿಮದ ಸತತ ಲೆಕ್ಕ ನಮ್ಮಲ್ಲಿರುವುದು 1978ರ ಕೊನೆಯಿಂದ ಈಚೆಗೆ ಮಾತ್ರ. ಹಾಗಾಗಿ 1964ರ ಚಿತ್ರವೆಂದರೆ ಅದಕ್ಕೂ ಹದಿನಾಲ್ಕು ವರ್ಷ ಹಿಂದಿನ ಸಾಕ್ಷಿ.

“ಚಿತ್ರ ಸಿಕ್ಕಿದರೆ ಮುಗಿಯಲಿಲ್ಲ ಮಾವ” ಎಂದಳು. ಉಪಗ್ರಹ ಆ ಕ್ಷಣ ಎಲ್ಲಿತ್ತು, ಎತ್ತ ವಾಲಿತ್ತು, ಅದರ ಗಡಿಯಾರ ಸರಿಯಿತ್ತೇ ಎಂದೆಲ್ಲ ತಿದ್ದಬೇಕು. ಗುರುತು ಸಿಗುವ ಕಡಲತೀರವೊಂದು ಚಿತ್ರದಲ್ಲಿದ್ದರೆ ಪುಣ್ಯ.

“ನಮ್ಮ ತೀರ ಉಂಟಾ?” ಎಂದು ನಾನು ಆಸೆಯಿಂದ ಕೇಳಿದೆ. ಹೆದ್ದಾರಿ ಅಗಲವಾಗುವ ಮುಂಚಿನ ಶಿರೂರು, ಅಪ್ಪ ಗೊರಬು ಹಾಕಿ ಗದ್ದೆಗಿಳಿಯುತ್ತಿದ್ದ ಶಿರೂರು! ಅವಳು ನಕ್ಕಳು. ಆ ಚಿತ್ರಗಳಲ್ಲಿ ಊರು, ಗದ್ದೆ ಕಾಣುವುದಿಲ್ಲ. ಮಳೆಗಾಲವಾದರೆ ಕರಾವಳಿಗೆ ಕರಾವಳಿಯೇ ಬಿಳಿ. ಅಪ್ಪ ಆ ಬಿಳಿಯ ಅಡಿಯಲ್ಲೆಲ್ಲೋ ನೆನೆಯುತ್ತಿದ್ದ ಅಂತಷ್ಟೇ ತಿಳಿಯಬೇಕು.

ಮೇಲಿನಿಂದ ನೋಡುವವರಿಗೆ ಶಿರೂರುಗಳೂ ಬೇರೆಯಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತಾಗ ಮುಂಬಯಿಯ ನೆಂಟರೆಲ್ಲ ನಮಗೆ ಫೋನು ಹಚ್ಚಿದರು. ಅದೇ ಹೆಸರು, ಅದೇ 66ನೇ ಹೆದ್ದಾರಿ, ಅದೇ ಮಳೆ. ‘ಅದು ನಾವಲ್ಲ’ ಎನ್ನುವಾಗ ಸಮಾಧಾನವೂ ಆಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಮೇಲಿನಿಂದ ನೋಡುವುದರಲ್ಲಿ ನಮ್ಮವರೂ ಹಿಂದೆ ಬಿದ್ದವರಲ್ಲ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾದ ಭಾಸ್ಕರ–1 ಸೋವಿಯತ್ ರಾಕೆಟ್ ಏರಿದ್ದು 1979ರ ಜೂನ್ 7ರಂದು. ಇಲ್ಲಿ ಮೃಗಶಿರೆ ಹುಟ್ಟುವ ಹೊತ್ತು! ಕಡಲ ಮೇಲಿನ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಅಳೆಯುವ ಉಪಕರಣ ಅದರಲ್ಲಿತ್ತು. ಅಮ್ಮನ ಮೊಣಕಾಲು ಕೂಡ ಅದನ್ನೇ ಅಳೆಯುತ್ತದೆ. ದಾಖಲೆ ಇಡುವುದಿಲ್ಲ, ಅಷ್ಟೇ.

ದಾಖಲೆಯ ಬೆಲೆ ಏನೆಂದು ತೋರಿಸಿದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಹ್ಯಾರಿಸ್ ಮತ್ತು ಸಂಗಡಿಗರು. ಭೂಮಿಯಿಂದ ಹೊರಡುವ ಶಾಖವನ್ನು 1970ರಲ್ಲಿ ನಿಂಬಸ್–4 ಅಳೆದಿತ್ತು, 1997ರಲ್ಲಿ ಜಪಾನಿನ ಉಪಗ್ರಹವೊಂದು ಅಳೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಇಂಗಾಲದ ಡೈಆಕ್ಸೈಡ್, ಮೀಥೇನ್ ಹೀರಿಕೊಳ್ಳುವ ಅಲೆಗಳಲ್ಲೇ ಶಾಖ ಹೊರಹೋಗುವುದು ಕಡಿಮೆಯಾಗಿತ್ತು. 2001ರಲ್ಲಿ ಅದು ಅಚ್ಚಾಯಿತು. ಅಳೆದವರು ಎಸೆದಿದ್ದರೆ ಹೋಲಿಸುವುದಕ್ಕೆ ಏನಿರುತ್ತಿತ್ತು?

ಇಷ್ಟನ್ನು ಕೇಳಿದ ಅಮ್ಮ ಒಳಗೆ ಹೋಗಿ ಹಳೆ ಕ್ಯಾಲೆಂಡರುಗಳ ಸುರುಳಿ ತಂದಳು. ಹಾಲಿನ ಲೆಕ್ಕ, ಸೊಸೈಟಿ ಕಂತು, ದನ ಕರು ಹಾಕಿದ ದಿನ; ನಡುನಡುವೆ ‘ಮಳೆ ಹಿಡಿಯಿತು’, ‘ನಟ್ಟಿ ಮುಗಿಯಿತು’, ‘ಬಾವಿ ತಳ ಕಂಡಿತು’. ಇನ್ನೂ ಹಿಂದಿನವೆಲ್ಲ ಬಚ್ಚಲ ಒಲೆ ಹೊತ್ತಿಸಲು ಹೋಗಿವೆ. ಹುಡುಗಿ ಒಂದೊಂದು ಪುಟಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದರೆ, ಪಿಎಚ್‌ಡಿ ತನಗೇ ಬಂದಂತೆ ಅಮ್ಮ ನೆಟ್ಟಗೆ ಕುಳಿತಿದ್ದಳು.

ಉಪಗ್ರಹಕ್ಕೆ ಮೋಡದ ಬೆನ್ನು ಗೊತ್ತು. ಅಂಗಳಕ್ಕೆ ಬಿದ್ದ ಮಳೆ ಗೊತ್ತಿದ್ದದ್ದು ಇಂಥ ಅಮ್ಮಂದಿರಿಗೆ. ನಿಮ್ಮ ಅಟ್ಟದಲ್ಲೂ ಅಂಥ ಕ್ಯಾಲೆಂಡರು, ಅಂಚಿನಲ್ಲಿ ಗೀಚಿದ ಪಂಚಾಂಗ, ಗದ್ದೆಯ ಲೆಕ್ಕದ ಪುಸ್ತಕ ಇದ್ದೀತು. ದಯವಿಟ್ಟು ಗುಜರಿಗೆ ಹಾಕಬೇಡಿ. ಹಾಕಲೇಬೇಕಾದರೆ, ಫೋಟೋ ಹೊಡೆದು ಹಾಕಿ.